ಮರಿಯ ತೊಗಲು

ರಾಯಚೂರಿನ ಅಂಗಡಿಯೊಂದರಲ್ಲಿ ಇಂದು ನಾನು ಕಂಬಳಿಯೊಂದನ್ನು ಮೂಸಿ ನೋಡಿದೆ.

ನಾನು ಹುಡುಗನಾಗಿದ್ದಾಗ ನಿಜಾಮರ ಕಾಲ. ದೇವದುರ್ಗದ ಗುಡ್ಡದಲ್ಲಿ ನಮ್ಮ ಕಾಕಾ ಒಬ್ಬನೇ ಕುರಿ ಕಾಯುತ್ತಿದ್ದ. ಅವನ ಮಗ ಜ್ವರದಲ್ಲಿ ತೀರಿಕೊಂಡ ಮೇಲೆ ನಾನು ಬುತ್ತಿ ಒಯ್ಯುತ್ತಿದ್ದೆ. ಒಂದು ದಿನ ಕಾಕಾ ಸತ್ತ ಮರಿಯ ತೊಗಲು ಸುಲಿದು ತಬ್ಬಲಿ ಮರಿಯೊಂದಕ್ಕೆ ಹೊದಿಸಿದ. ಸತ್ತ ಮರಿಯ ತಾಯಿ ಅದನ್ನು ಮೂಸಿ, ತನ್ನದೇ ಎಂದುಕೊಂಡು ಮೊಲೆ ಕುಡಿಯಲು ಬಿಟ್ಟಿತು.

"ವಾಸನಿ ಇದ್ರ ಸಾಕು ಅದಕ್ಕ," ಎಂದ ಕಾಕಾ.

ಅಷ್ಟರಲ್ಲಿ ಮಳೆ ಬಂತು. ಗುಡಿಸಲಿನಿಂದ ಮಗನ ಕಂಬಳಿ ತಂದು ನನಗೆ ಹೊದಿಸಿದ. ನನ್ನ ನೆತ್ತಿಗೆ ಮೂಗಿಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಕಂಬಳಿ ತೆಗೆದುಕೊಂಡು, "ಮನಿಗಿ ಹೋಗಪಾ, ನಿಮ್ಮವ್ವ ಕಾಯಾಕತ್ತಿರತಾಳ," ಎಂದ. ನಾನು ನೆನೆಯುತ್ತಲೇ ಗುಡ್ಡ ಇಳಿದೆ.

"ಹೊಸಾ ಕಂಬಳಿ ಅದರೀ, ತಗೋರಿ," ಎಂದ ಅಂಗಡಿಯವ. ಅದರಲ್ಲಿ ಯಾರ ವಾಸನೆಯೂ ಇರಲಿಲ್ಲ. ಮಡಚಿ ಕೊಟ್ಟು ಬಂದೆ.