ರಾಣಿಯ ಪಾರ್ಟಿಗೆ ಯಾವೂರಿನವರು?

ಪಿಯುಸಿ ಮುಗಿಸಿದ ವರ್ಷ ನಾಟಕದ ಕಾಲೇಜಿಗೇ ಸೇರುತ್ತೇನೆಂದು ಹಟ ಹಿಡಿದೆ. ಅಪ್ಪ ಹಾರಾಡಿದ. ಪಿರಿಯಾಪಟ್ಟಣದಲ್ಲಿ ಬಿ.ಕಾಂ. ಸೇರು, ಬೇರೆ ಮಾತು ಬೇಡ ಎಂದ. ಕೊನೆಗೆ ಅವ್ವ ನಡುವೆ ಬಂದಳು. "ಒಂದ್ಸಲ ಓಗಿ ನೋಡ್ಕೊಂಡಾದ್ರೂ ಬನ್ನಿ. ಆಮ್ಯಾಕೆ ಬ್ಯಾಡ ಅನ್ನಿ."

ಅಪ್ಪನಿಗೆ ನಾಟಕ ಕಂಡರಾಗದು ಎಂದಲ್ಲ. ಹಾರನಹಳ್ಳಿ ಕಡೆಯ ನಮ್ಮೂರಿನಲ್ಲಿ ಪೌರಾಣಿಕ ನಾಟಕವೆಂದರೆ ರಾಜನ ಪಾರ್ಟು ಅವನದೇ. ತಂಬಾಕಿನ ಕೆಲಸ ಮುಗಿದರೆ ಸಾಕು, ಹಾರ್ಮೋನಿಯಂ ಮೇಷ್ಟ್ರು ಬಂದು ಕೂರುತ್ತಾರೆ, ಅಪ್ಪ ಹಾಡಿ ಹಾಡಿ ಗಂಟಲು ಕೆಡಿಸಿಕೊಳ್ಳುತ್ತಾನೆ. ರಾಣಿಯ ಪಾರ್ಟಿಗೆ ಮಾತ್ರ ಊರಿನ ಹೆಣ್ಣುಮಕ್ಕಳು ಕೂಡದು. ಅದಕ್ಕೆ ಹೊರಗಿನಿಂದ ಹೆಂಗಸರನ್ನು ಕರೆಸುತ್ತಾರೆ. ಊರೆಲ್ಲ ಅವರಿಗೆ ಶಿಳ್ಳೆ ಹೊಡೆಯುತ್ತದೆ, ಯಾರೂ ಅವರನ್ನು ಮನೆಗೆ ಊಟಕ್ಕೆ ಕರೆಯುವುದಿಲ್ಲ. ಅಪ್ಪನ ಕಣ್ಣಿಗೆ ನಾನು ಆಗಲು ಹೊರಟಿದ್ದು ಅಂಥವಳು.

ಮೈಸೂರಿನ ಆ ಕಾಲೇಜಿನಲ್ಲಿ ನಮ್ಮಂಥ ಹತ್ತಾರು ಮನೆಯವರನ್ನು ಸೇರಿಸಿಕೊಂಡು ಅಲ್ಲಿನ ಮೇಡಂ ಒಬ್ಬರು ಲೈಬ್ರರಿ, ಹಾಸ್ಟೆಲ್ಲು, ಕ್ಯಾಂಟೀನು ಎಂದು ಸುತ್ತಿಸಿದರು. ಎಲ್ಲರೂ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ನನಗೆ ರೇಗಿಹೋಯಿತು. ಊಟಕ್ಕೆ ಕರೆದು ಪಾತ್ರೆ ತೋರಿಸಿದ ಹಾಗಿತ್ತು.

"ಮೇಡಂ, ನಾನು ತಾಲೀಮು ನೋಡಬೇಕು," ಎಂದೆ.

"ಹೊರಗಿನವರನ್ನ ಒಳಗೆ ಬಿಡಲ್ಲಮ್ಮ."

ತಾಲೀಮಿನ ಕೋಣೆಯ ಬಾಗಿಲ ಮುಂದೆಯೇ ನಿಂತುಬಿಟ್ಟೆ. ಉಳಿದವರು ಕಾಫಿ ಕುಡಿದು ಬಂದರೂ ಕದಲಲಿಲ್ಲ. ಸಾಕಾಗಿ ನನ್ನನ್ನೂ ಅಪ್ಪನನ್ನೂ ಒಳಗೆ ಬಿಟ್ಟರು. ನಾಟಕ ಕಲಿಯಲು ಹೊರಟ ಮಕ್ಕಳು ಈಗಲೂ ನನ್ನನ್ನು ಕೇಳುತ್ತಾರೆ, ಕಾಲೇಜು ನೋಡಲು ಹೋದಾಗ ಏನು ಮಾಡಬೇಕು ಎಂದು. ತಾಲೀಮಿನ ಕೋಣೆ ಹುಡುಕಿ, ಒಳಗೆ ಬಿಡುವ ತನಕ ಅಲ್ಲೇ ನಿಂತಿರಿ ಎನ್ನುತ್ತೇನೆ.

ಒಳಗೆ ಹುಡುಗ ಹುಡುಗಿಯರು ರಾಜ ರಾಣಿಯ ನಾಟಕವೊಂದರ ಒಂದೇ ಮಾತನ್ನು ತಪ್ಪುತ್ತ, ಬೈಸಿಕೊಳ್ಳುತ್ತ, ಮತ್ತೆ ಮತ್ತೆ ಹೇಳುತ್ತಿದ್ದರು. ಅಪ್ಪ ಕಣ್ಣು ಕೀಳದೆ ನೋಡಿದ. ಏನಾದರೂ ಕೇಳುವುದಿದೆಯೇ ಎಂದು ಮೇಡಂ ಅಂದಾಗ ಅವನೇ ಎದ್ದ.

"ಎಲ್ಲಾ ಚೆಂದಾಗೈತೆ ಕಣ್ರಮ್ಮ. ಈ ರಾಣಿ ಪಾರ್ಟ್‌ನೋರ್ನ ಯಾವೂರಿಂದ ಕರೆಸ್ತೀರಿ?"

ಹುಡುಗರು ಕಿಸಕ್ಕೆಂದರು. ರಾಣಿಯಾಗಿದ್ದ ಹುಡುಗಿ, "ನಾನು ಇಲ್ಲೇ ಓದ್ತಿದೀನಿ ಅಂಕಲ್," ಎಂದಳು. ನನ್ನ ಮೈ ಉರಿಯಿತು, ಅವರ ನಗುವಿಗೂ ಅಪ್ಪನ ಪ್ರಶ್ನೆಗೂ.

"ನಗಬೇಡಿ," ಎಂದೆ. "ನಮ್ಮಪ್ಪ ರಾಜನ ಪಾರ್ಟು ಮಾಡ್ತಾರೆ. ಅವರ ಗಂಟಲು ನಿಮ್ಮಲ್ಲಿ ಒಬ್ಬರಿಗೂ ಇಲ್ಲ. ಆದ್ರೆ ನಮ್ಮೂರಲ್ಲಿ ರಾಣಿ ಮಾತ್ರ ಊರಿನೋಳಾಗಂಗಿಲ್ಲ. ಯಾಕೆ ಅಂತ ಅವರನ್ನೇ ಕೇಳಿ."

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ.

ಊರಿಗೆ ಹೊರಟ ಬಸ್ಸು ಹುಣಸೂರು ದಾಟಿತು. ಆಗ ಅಪ್ಪ ಕೇಳಿದ:

"ನಾನು ಬ್ಯಾಡ ಅಂದ್ರೆ?"

"ಅಂದ್ರೂ ಸೇರ್ತೀನಿ ಕಣಪ್ಪ."

"ಅಂಗಾರೆ ನನ್ನ ಯಾಕೆ ಕರ್ಕೊಂಡೋದೆ?"

"ನಾಳೆ ನಾನು ಸ್ಟೇಜ್ ಮ್ಯಾಲೆ ನಿಂತಾಗ ನೀನು ಕೆಳಗೆ ಕೂತ್ಕೊಂಡು ನೋಡ್ಬೇಕಲ್ಲ. ಈಗಿಂದ್ಲೇ ಅಭ್ಯಾಸ ಆಗ್ಲಿ ಅಂತ."