ಕಲಬತ್ತ ತೊಳೆದ ನೀರು

ದ್ರಾಕ್ಷಾಯಣಿಗೆ ಚಿಕ್ಕಂದಿನಿಂದಲೂ ಒಂದು ಚಟ. ಯಾವ ವಸ್ತು ಕಂಡರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ಇಣುಕಬೇಕು. ರಾಣೆಬೆನ್ನೂರಿನಲ್ಲಿ ಅವಳ ಸೋದರಮಾವ ಡಾಕ್ಟರೊಬ್ಬರ ಕೈಕೆಳಗೆ ಕಂಪೌಂಡರ್ ಆಗಿದ್ದ. ಕೆಂಪು ಮಿಕ್ಸ್ಚರಿನ ಸೀಸೆಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಒಂದು ಹಲ್ಲೆಂದರೆ ಒಂದು ಹೊತ್ತಿನ ಮದ್ದು. ಆ ಹಲ್ಲುಗಳನ್ನು ಎಣಿಸುತ್ತ ಕೂತ ಹುಡುಗಿ ಮುಂದೆ ಮದುವೆಯಾಗಿ ಸ್ಯಾನ್ ಡಿಯೇಗೊ ಸೇರಿದಳು. ಕೊರೋನಾ ಕಾಲಕ್ಕೆ ಊರೆಲ್ಲ ಬಾಗಿಲು ಹಾಕಿಕೊಂಡಾಗ ಇವಳು ಪುಸ್ತಕ ತೆರೆದಳು. ಐವತ್ತೆರಡನೆಯ ವಯಸ್ಸಿನಲ್ಲಿ ಫಾರ್ಮಸಿ ಟೆಕ್ನಿಷಿಯನ್ ಲೈಸೆನ್ಸು ಕೈಗೆ ಬಂತು.

ಕೆಲಸ ಸಿಕ್ಕಿದ್ದು ಅದೇ ಊರಿನ ಮಿರಾ ಮೆಸಾ ಬಡಾವಣೆಯ ಸಣ್ಣ ಔಷಧದ ಅಂಗಡಿಯಲ್ಲಿ. ಮುಂದುಗಡೆ ಕೌಂಟರು, ಹಿಂದುಗಡೆ ಗಾಜಿನ ಬಾಗಿಲಿನ ಕೋಣೆ. ದೊಡ್ಡವರ ಮಾತ್ರೆಯನ್ನು ಅರೆದು ಕೂಸಿಗೆ ಕುಡಿಸುವ ಔಷಧ ಮಾಡುವುದು, ನಾಯಿಗೆ ಕೋಳಿ ಸಾರಿನ ರುಚಿ ಬೆರೆಸುವುದು, ಎಲ್ಲ ಆ ಕೋಣೆಯಲ್ಲೇ. ಅಲ್ಲಿಯ ತಕ್ಕಡಿ ಎಂಥದೆಂದರೆ ಪಕ್ಕದಲ್ಲಿ ಉಸಿರು ಬಿಟ್ಟರೂ ಅಂಕಿ ಕುಣಿಯುತ್ತದೆ. ದ್ರಾಕ್ಷಾಯಣಿ ಎರಡು ವರ್ಷ ಕೌಂಟರಿನಲ್ಲಿ ನಿಂತು ಆ ಬಾಗಿಲನ್ನೇ ನೋಡಿದಳು.

ಒಳಗೆ ಹೋಗಬೇಕಾದರೆ ಕೈಪರೀಕ್ಷೆ ಪಾಸಾಗಬೇಕು. ಮಾತ್ರೆ ಅರೆದು, ಸಿರಪ್ಪಿನಲ್ಲಿ ಕಲಸಿ, ಸರಿಯಾಗಿ ನೂರು ಮಿಲಿ ಔಷಧ ಮಾಡಬೇಕು. ಅದನ್ನು ಯಾರಿಗೂ ಕುಡಿಸುವುದಿಲ್ಲ, ಲ್ಯಾಬಿಗೆ ಕಳಿಸಿ ಕಸುವು ಅಳೆಸುತ್ತಾರೆ. ಮೂರು ಸಲ ಅವಕಾಶ. ಮೂರರಲ್ಲೂ ಸೋತರೆ ಕೌಂಟರೇ ಗತಿ.

ಮೊದಲ ಸಲದ್ದರ ಕಸುವು ನೂರಕ್ಕೆ ಎಂಬತ್ತೇಳು ಬಂತು. ಎರಡನೆಯದರ ರಿಪೋರ್ಟು ಹಿಡಿದು ಫಾರ್ಮಸಿಸ್ಟ್ ಪ್ರೇರಣಾ ಹೊರಗೆ ಬಂದಳು. ಬೆಂಗಳೂರಿನ ಹುಡುಗಿ, ದ್ರಾಕ್ಷಾಯಣಿಯ ಅರ್ಧ ವಯಸ್ಸು.

"ಆಂಟಿ, ಈ ಸಲ ಎಂಬತ್ತೊಂಬತ್ತು."

"ನೂರಕ್ಕ ಎಂಬತ್ತೊಂಬತ್ತು ಅಂದ್ರ ಡಿಸ್ಟಿಂಕ್ಷನ್ ಆತಲ್ಲವಾ!"

"ಔಷಧಿಗೆ ತೊಂಬತ್ತರ ಕೆಳಗೆ ಬಂದ್ರೆ ಫೇಲ್ ಆಂಟಿ. ನಗಬೇಡಿ, ನನಗೇ ಟೆನ್ಷನ್ ಆಗ್ತಿದೆ. ಇನ್ನೊಂದೇ ಚಾನ್ಸ್ ಇರೋದು."

ದ್ರಾಕ್ಷಾಯಣಿಯ ನಗು ಅಲ್ಲಿಗೇ ನಿಂತಿತು. ಆದರೆ ಅವಳನ್ನು ಕೊರೆದದ್ದು ಸೋಲಲ್ಲ, ಸೋಜಿಗ. ಎರಡು ಸಲ ಎರಡು ಬಗೆಯಾಗಿ ಮಾಡಿದ್ದಳು. ಎರಡು ದಾರಿ ಹಿಡಿದವಳು ಒಂದೇ ಗುಂಡಿಗೆ ಬಿದ್ದದ್ದು ಹೇಗೆ?

ಮೊದಲ ಸಲ ನಡೆದದ್ದು ಹೀಗೆ. ಕುಟ್ಟಾಣಿಯಂಥ ಪಿಂಗಾಣಿ ಕಲಬತ್ತದಲ್ಲಿ ಮಾತ್ರೆ ಅರೆದಳು, ಸಿರಪ್ಪು ಹನಿಸಿ ಗಂಟಿಲ್ಲದ ಹಿಟ್ಟು ಮಾಡಿದಳು, ಇನ್ನಷ್ಟು ಸಿರಪ್ಪಿನಲ್ಲಿ ತೆಳುವಾಗಿಸಿ ಅಳತೆಯ ಗಾಜಿಗೆ ಸುರಿದಳು. ಕಲಬತ್ತಕ್ಕೆ ಒಂದಿಷ್ಟು ಅಂಟಿಕೊಂಡಿತ್ತು. ಮನೆಯಲ್ಲಾದರೆ ಮಿಕ್ಸಿ ಜಾರಿಗೆ ನೀರು ಹಾಕಿ, ಗರಗರ ತಿರುಗಿಸಿ ಸಾರಿಗೆ ಸುರಿಯದೆ ಬಿಟ್ಟವಳಲ್ಲ. ಆದರೆ ಹಿಂದೆ ಪ್ರೇರಣಾ ನಿಂತಿದ್ದಳು. ದವಾಖಾನೆ ಕೆಲಸದಲ್ಲಿ ಅಡುಗೆಮನೆ ಜಿಪುಣತನ ತೋರಿಸಿದರೆ ನಕ್ಕಾಳು ಎಂದು ನಾಚಿಕೆಯಾಗಿ ಹಾಗೇ ಬಿಟ್ಟು, ಬರೀ ಸಿರಪ್ಪಿನಿಂದ ನೂರರ ಗೆರೆ ಮುಟ್ಟಿಸಿದಳು.

ಎರಡನೆಯ ಸಲವೂ ಬಿಡಬೇಕೆಂದೇ ಇದ್ದಳು. ಔಷಧ ನೂರರ ಗೆರೆ ಮುಟ್ಟಿತು, ಸೀಸೆಗೂ ಇಳಿಯಿತು. ಪ್ರೇರಣಾ ಫೋನೆತ್ತಲು ಹೊರಗೆ ಹೋದಳು. ಕಲಬತ್ತ ತೊಳೆಯಲು ಸಿಂಕಿನ ಬಳಿ ಹೋದವಳಿಗೆ ಅಂಟಿದ ಮದ್ದನ್ನು ಚೆಲ್ಲಲು ಮನಸ್ಸಾಗಲಿಲ್ಲ. ಎರಡು ಚಮಚೆಯಷ್ಟು ಸಿರಪ್ಪು ಹಾಕಿ ಬಳಿದು, ಸದ್ದಿಲ್ಲದೆ ಸೀಸೆಗೆ ಸೇರಿಸಿದಳು. ಪುಣ್ಯದ ಕೆಲಸ ಮಾಡಿದೆನೆಂದೇ ಅಂದುಕೊಂಡಳು.

ಭಾನುವಾರ ಫೋರ್ ಎಸ್ ರ್ಯಾಂಚಿನ ತನ್ನ ಮನೆಯಲ್ಲಿ ಅಡುಗೆ ಕಟ್ಟೆಯ ಮೇಲೆ ಎರಡು ಗಾಜಿನ ಲೋಟ, ಕಲಬತ್ತ, ಅರಿಶಿನ ಹರಡಿಕೊಂಡು ಕೂತಳು. ಗಂಡ ಇಂದುಶೇಖರ ಕಾಫಿ ಕೇಳಲು ಬಂದವನು ಹೊಸ್ತಿಲಲ್ಲೇ ನಿಂತ.

"ಏನಿದು, ಮಾಟಾ ಮಾಡಾಕ ಹತ್ತೀಯೇನ?"

"ನಿಮಗ ಮಾಟಾ ಮಾಡಿ ಏನ ಸಿಗೂದೈತ್ರಿ? ಸುಮ್ಮನ ಈ ಎರಡೂ ಲೋಟಕ್ಕ ಪೆನ್ನಿಲೆ ಗೆರಿ ಹೊಡೀರಿ."

ಒಂದು ಚಮಚೆ ಅರಿಶಿನ ಕಲಸಿ ಮೊದಲ ಲೋಟಕ್ಕೆ ಸುರಿದು, ಗೆರೆಯವರೆಗೆ ನೀರು ತುಂಬಿಸಿದಳು. ಕಲಬತ್ತದ ಮೈಯೆಲ್ಲ ಹಳದಿ ಉಳಿಯಿತು. ಅದನ್ನು ತೊಳೆದು ಚೆಲ್ಲಿ, ಇನ್ನೊಂದು ಚಮಚೆ ಕಲಸಿ ಎರಡನೆಯ ಲೋಟಕ್ಕೆ ಸುರಿದಳು, ಗೆರೆ ಮುಟ್ಟಿಸಿದಳು, ಆಮೇಲೆ ಕಲಬತ್ತ ತೊಳೆದ ನೀರನ್ನೂ ಸೇರಿಸಿದಳು. ನೀರು ಗೆರೆ ದಾಟಿ ಒಂದು ಬೆರಳು ಮೇಲೇರಿತು.

ಕೆನ್ನೆಗೆ ಕೈಯಿಟ್ಟು ನೋಡುತ್ತ ನಿಂತವಳು ತಟ್ಟನೆ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಶಿವನ! ಒಂದ್ರಾಗ ಮಾಲು ಕಡಿಮಿ, ಇನ್ನೊಂದ್ರಾಗ ನೀರು ಜಾಸ್ತಿ. ಎರಡೂ ಸಪ್ಪಗ!"

"ಕಾಫಿ?" ಎಂದ ಇಂದುಶೇಖರ.

"ತೊಳೆದದ್ದು ತಪ್ಪಲ್ರಿ, ತೊಳೆದ ಹೊತ್ತು ತಪ್ಪು! ಗೆರಿ ಮುಟ್ಟೂಕಿಂತ ಮೊದಲ ತೊಳೀಬೇಕಿತ್ತು."

"ಹಂಗಾರ ಕಾಫಿ ನಾನ ಮಾಡ್ಕೋಬೇಕೇನ?"

ಸೋಮವಾರ ಬಾಯಿಬಿಟ್ಟು ಎಲ್ಲ ಹೇಳಿಕೊಂಡಳು, ಸದ್ದಿಲ್ಲದೆ ಸೇರಿಸಿದ್ದನ್ನೂ. ಪ್ರೇರಣಾ ಮೊದಲು ಮುಖ ಗಂಟಿಕ್ಕಿದಳು. "ಗೆರೆ ಆದ್ಮೇಲೆ ಹನಿ ಕೂಡ ಸೇರಿಸೋ ಹಾಗಿಲ್ಲ ಆಂಟಿ. ಪೇಷೆಂಟ್‌ದಾಗಿದ್ರೆ ಆಗ ನಾನೂ ನಿಮ್ಮನ್ನ ಕಾಪಾಡೋಕೆ ಆಗ್ತಿರಲಿಲ್ಲ." ಆಮೇಲೆ ಗೋಡೆಯ ಮೇಲಿನ ವಿಧಾನದ ಹಾಳೆಯನ್ನು ಓದಿ ತಾನೇ ತಲೆ ಕೆರೆದುಕೊಂಡಳು. ಪೂರ್ತಿ ಸುರಿಯಿರಿ ಎಂದು ಬರೆದಿತ್ತೇ ಹೊರತು ಹೇಗೆಂದು ಬರೆದಿರಲಿಲ್ಲ. "ಕಾಲೇಜಲ್ಲಿ ಕೈಗೆ ಅಭ್ಯಾಸ ಆಗಿಬಿಟ್ಟಿತ್ತು, ಬರೀಬೇಕು ಅಂತ ನನಗೂ ಹೊಳೀಲಿಲ್ಲ."

ಮೂರನೆಯ ಸಲ ದ್ರಾಕ್ಷಾಯಣಿ ನಾಚಲಿಲ್ಲ. ಹಿಟ್ಟು ಸುರಿದಳು. ಕಲಬತ್ತಕ್ಕೆ ಸಿರಪ್ಪು ಹಾಕಿ ಒಮ್ಮೆ ಬಳಿದಳು, ಇನ್ನೊಮ್ಮೆ ಬಳಿದಳು, ಎರಡನ್ನೂ ಗಾಜಿಗೇ ಸೇರಿಸಿದಳು. ಕಣ್ಣನ್ನು ಗೆರೆಯ ಮಟ್ಟಕ್ಕೆ ಬಗ್ಗಿಸಿ, ಕೊನೆಯ ಹನಿಗಳನ್ನು ಒಂದೊಂದಾಗಿ ಬಿಟ್ಟು ನೂರಕ್ಕೆ ನಿಲ್ಲಿಸಿದಳು.

ನಾಲ್ಕನೆಯ ದಿನ ರಿಪೋರ್ಟು ಬಂತು. ತೊಂಬತ್ತೊಂಬತ್ತು.

ಪ್ರೇರಣಾ ಗಾಜಿನ ಬಾಗಿಲು ತೆರೆದು ಹಿಡಿದು, ಒಂದು ಚೀಟಿ ಕೈಗಿಟ್ಟಳು. ಗೋಡೆಯ ಮೇಲಿನ ವಿಧಾನದ ಹಾಳೆಯಲ್ಲಿ ಹೊಸ ಸಾಲೊಂದು ಸೇರಿತ್ತು: ಗೆರೆ ಮುಟ್ಟುವ ಮೊದಲು ಕಲಬತ್ತವನ್ನು ಎರಡು ಸಲ ಸಿರಪ್ಪಿನಿಂದ ತೊಳೆದು ಸೇರಿಸಿ.

ದ್ರಾಕ್ಷಾಯಣಿ ಕೈಗವಸು ಏರಿಸಿಕೊಂಡು ಚೀಟಿ ಓದಿದಳು. ಲಾ ಹೋಯಾದ ಯಾರದೋ ಮನೆಯ ಗಿಳಿಗೆ ಔಷಧ.

"ಪ್ರೇರಣಾ, ಗಿಳಿಗೆ ಯಾವ ರುಚಿ ಸೇರತೈತವಾ?"

"ಗೊತ್ತಿಲ್ಲ ಆಂಟಿ. ಬಾಳೆಹಣ್ಣಿರಬಹುದು."

"ಇರಬೌದು ಅಂದ್ರ ಹೆಂಗ? ಓನರಿಗೆ ಫೋನ್ ಹಚ್ಚು. ಗಿಳಿನ ಕೇಳಲಿ."