ಹೆಂಡತಿಯ ಕಾರಿಗೆ ಹೊಸ ಕ್ಯಾಮ್‌ಶಾಫ್ಟ್

ಮದುವೆಯಾಗಿ ಊಟಿಯ ಹತ್ತಿರದ ನಮ್ಮೂರು ಇತ್ತಲಾರಿಗೆ ಬರುವಾಗ ನನ್ನ ಹೆಂಡತಿ ತನ್ನ ಕಾರನ್ನು ತಾನೇ ಓಡಿಸಿಕೊಂಡು ಬಂದಳು. ಊಟಿಯಾಚೆಯ ವೆಲ್ಲಿಂಗ್ಟನ್ನಿನ ಕಚೇರಿಯೊಂದರಲ್ಲಿ ಕೆಲಸ ಮಾಡಿ, ಸ್ವಂತ ಸಂಬಳದಲ್ಲಿ ಕೊಂಡ ಸಣ್ಣ ಕಾರು. ಆಗಲೇ ಹಳೆಯದು, ಹಿಂದಿನ ಒಂದು ಬಾಗಿಲಿನ ಬಣ್ಣ ಉಳಿದ ಮೈಗೆ ಹೊಂದುತ್ತಿರಲಿಲ್ಲ. ಹೊಸ ಸೊಸೆಯನ್ನು ನೋಡಲು ಬಂದ ಹಟ್ಟಿಯ ಹೆಂಗಸರು ಅವಳ ಸೀರೆಯ ಬಗ್ಗೆ ಆಡಿದ್ದಕ್ಕಿಂತ, ನಮ್ಮ ಟೀ ತೋಟದ ಅಂಚಿನ ಇಕ್ಕಟ್ಟಿನಲ್ಲಿ ಅವಳು ಕಾರನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದ ಬಗ್ಗೆಯೇ ಹೆಚ್ಚು ಆಡಿದರು.

ಮದುವೆಯ ನಂತರವೂ ಅವಳು ದಿನಾ ಊಟಿ ದಾಟಿ ವೆಲ್ಲಿಂಗ್ಟನ್ನಿಗೆ ಹೋಗಿಬರುತ್ತಿದ್ದಳು. ಎಲ್ಲಿ ನೋಡಿದರೂ ತಿರುವು. ಮುಂದೆ ಬಸ್ಸು, ಬಸ್ಸಿನ ಮುಂದೆ ಪ್ರವಾಸಿಗರ ವ್ಯಾನು. ಒಂದು ಸಂಜೆ ಅಡುಗೆಮನೆಯಲ್ಲಿ ಕೈಕಾಲು ಬೆಚ್ಚಗೆ ಮಾಡಿಕೊಳ್ಳುತ್ತ ಅಂದಳು:

“ಒಂದೇ ಒಂದು ಸಲ ಆಕ್ಸಿಲರೇಟರ್ ತಳ ಮುಟ್ಟೋ ತನಕ ತುಳೀಬೇಕು. ಮುಂದೆ ಯಾರೂ ಇರಬಾರದು.”

ಕೊಯಮತ್ತೂರಿನ ಕಡೆ ಒಂದು ರೇಸ್ ಟ್ರ್ಯಾಕ್ ಇದೆ, ಕೆಲವು ದಿನ ಸಾಮಾನ್ಯ ಜನರೂ ತಮ್ಮ ಕಾರು ತಂದು ಓಡಿಸಬಹುದು ಎಂದು ಅವಳಿಗೆ ಗೊತ್ತಾಗಿತ್ತು. ಅಲ್ಲಿಗೆ ಹೋಗುವ ಮೊದಲು, ಇನ್ನಷ್ಟು ವೇಗ ಸಿಗಲು, ಇಂಜಿನ್ನಿನ ಕ್ಯಾಮ್‌ಶಾಫ್ಟ್‌ಗಳನ್ನು ಬದಲಿಸಬೇಕು ಎಂದಳು. ಅವಳ ಅಪ್ಪ ಟೀ ಫ್ಯಾಕ್ಟರಿಯ ಲಾರಿ ಓಡಿಸುತ್ತಿದ್ದವರು. ಸ್ಪ್ಯಾನರ್ ಹಿಡಿಯುವುದು ಅವಳಿಗೆ ಅಲ್ಲಿಂದಲೇ ಬಂದದ್ದು. ನನಗೆ ಗೊತ್ತಿದ್ದದ್ದು ಟೀ ಗಿಡ ಸವರಿ ಕವಾತು ಮಾಡುವುದು, ಔಷಧಿ ಹೊಡೆಯುವ ಯಂತ್ರ ರಿಪೇರಿ ಮಾಡುವುದು, ಅಷ್ಟೇ.

ಪಾರ್ಸಲ್ ಬಂದಾಗ ಮನೆಯಲ್ಲಿದ್ದದ್ದು ಅವ್ವೆ, ನನ್ನ ತಾಯಿ. ನಾವು ಬರುವಷ್ಟರಲ್ಲಿ ಅದನ್ನು ಬಿಚ್ಚಿ, ಹೊಳೆಯುವ ಎರಡು ಉಕ್ಕಿನ ದಂಡಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಇದೇನ ಹೆಣ್ಣೇ, ರಾಗಿ ಅರೆಯೋಕಾ?”

“ಅಲ್ಲ ಮಾಮಿ, ಇಂಜಿನ್ ಒಳಗೆ ತಿರುಗೋದು. ಈ ಮೊಟ್ಟೆ ಥರ ಉಬ್ಬಿದೆಯಲ್ಲ, ಇದು ವಾಲ್ವನ್ನ ಒತ್ತುತ್ತೆ. ವಾಲ್ವ್ ಅಂದ್ರೆ ಗಾಳಿ ಹೋಗೋ ಬಾಗಿಲು. ಹಳೇದರಲ್ಲಿ ಉಬ್ಬು ಕಡಿಮೆ, ಇದರಲ್ಲಿ ಜಾಸ್ತಿ. ಬಾಗಿಲು ಜಾಸ್ತಿ ಹೊತ್ತು ತೆರೆದಿರುತ್ತೆ.”

“ಹಂಗಾದರೆ ಕಾರುಗ ಚಳಿ ಆಗಲ್ವಾ?”

ಹೆಂಡತಿ ನಕ್ಕುಬಿಟ್ಟಳು. ಅವ್ವೆ ನಗಲಿಲ್ಲ; ನಿಜವಾಗಿಯೇ ಕೇಳಿದ್ದಳು.

ಒಂದು ಭಾನುವಾರ, ಆಲೂಗಡ್ಡೆ ಹಾಕುತ್ತಿದ್ದ ಹಳೆಯ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಹೆಂಡತಿ ಮೇಲಿನ ಮುಚ್ಚಳ ತೆಗೆದು, ಇಂಜಿನ್ನನ್ನು ಗುರುತಿನ ಜಾಗಕ್ಕೆ ತಿರುಗಿಸಿ ನಿಲ್ಲಿಸಿ, ಶಾಫ್ಟುಗಳನ್ನು ತಿರುಗಿಸುವ ಹಲ್ಲಿನ ಪಟ್ಟಿಯಾದ ಟೈಮಿಂಗ್ ಬೆಲ್ಟಿನ ಮೇಲೆ, ಮತ್ತೆ ಅದೇ ಜಾಗಕ್ಕೆ ಕೂರಿಸಲು, ತನ್ನ ಉಗುರುಬಣ್ಣದಿಂದ ಚುಕ್ಕೆ ಇಟ್ಟಳು. ಶಾಫ್ಟನ್ನು ಒತ್ತಿ ಹಿಡಿದಿದ್ದ ಕ್ಯಾಪ್‌ಗಳ ಬೋಲ್ಟುಗಳನ್ನು ಒಂದೇ ಸಲ ಬಿಚ್ಚುವಂತಿಲ್ಲ; ಕೆಳಗಿನಿಂದ ಸ್ಪ್ರಿಂಗುಗಳು ತಳ್ಳುತ್ತಿರುತ್ತವೆ, ಒಂದು ಕಡೆ ಮಾತ್ರ ಸಡಿಲವಾದರೆ ಶಾಫ್ಟ್ ಮುರಿಯಬಹುದು. ಅವಳು ಎಲ್ಲವನ್ನೂ ಸರದಿಯ ಮೇಲೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿದಳು. ಬಿಚ್ಚಿದ ಕ್ಯಾಪ್‌ಗಳನ್ನು ಅದೇ ಕ್ರಮದಲ್ಲಿ ಇಡುವುದು ನನ್ನ ಕೆಲಸ. ನಾನು ನೆಲದ ಮೇಲೆ ಹರಡುವುದನ್ನು ನೋಡಿ ಅವ್ವೆ ಒಳಗೆ ಹೋಗಿ ಇಡ್ಲಿ ತಟ್ಟೆಗಳನ್ನು ತಂದುಕೊಟ್ಟಳು. ಕುಳಿಗೊಂದರಂತೆ ಕ್ಯಾಪ್‌ಗಳು ಕೂತವು. ಆ ತಟ್ಟೆಗಳಲ್ಲಿ ಆಮೇಲೆ ಇಡ್ಲಿ ಮಾಡಲು ಅವ್ವೆ ಒಪ್ಪಲಿಲ್ಲ.

ಹೊಸ ಶಾಫ್ಟ್ ಕೂರಿಸಿ ವಾಲ್ವುಗಳ ಸಂದು ಅಳೆದಾಗ ಕೆಲವು ಕಡೆ ಸರಿಬರಲಿಲ್ಲ. ಅದಕ್ಕೆ ಬೇಕಾದ ಸಣ್ಣ ಬಿಲ್ಲೆಗಳು ಕೊಯಮತ್ತೂರಿನಿಂದ ಬರುವ ತನಕ ಕಾರು ಬಾಯಿ ತೆರೆದುಕೊಂಡು ಶೆಡ್ಡಿನಲ್ಲೇ ಇತ್ತು. ಅವಳು ಬಸ್ಸಿನಲ್ಲಿ ಕೆಲಸಕ್ಕೆ ಹೋದಳು.

ಬಿಲ್ಲೆಗಳು ಬಂದವು, ಬೆಲ್ಟ್ ಏರಿಸಿದೆವು. ಸ್ಟಾರ್ಟ್ ಮಾಡುವ ಮೊದಲು ಇಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ ನೋಡಬೇಕು. ತಿರುಗಿಸುತ್ತಿದ್ದವನು ನಾನು. ಅರ್ಧದಲ್ಲಿ ಏನೋ ತಡೆಯಿತು. ಇನ್ನೊಂದು ಚೂರು ಬಲ ಹಾಕೋಣ ಎನ್ನುವಷ್ಟರಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದಳು.

“ಬೇಡ, ಬಿಡು. ವಾಲ್ವು ಪಿಸ್ಟನ್ನಿಗೆ ತಾಗ್ತಿದೆ.”

ಮಗುಚಿಟ್ಟ ಬುಟ್ಟಿಯ ಮೇಲೆ ಕೂತು ಬಹಳ ಹೊತ್ತು ಇಂಜಿನ್ನನ್ನೇ ನೋಡಿದಳು. ಅವ್ವೆ ಟೀ ತಂದಳು. ಹೆಂಡತಿ ಟೀ ಮುಗಿಸಿ ಎದ್ದು, ಚುಕ್ಕೆಗಳನ್ನು ಮತ್ತೆ ಒಂದೊಂದಾಗಿ ಹೊಂದಿಸಿ ನೋಡಿದಳು. ಬೆಲ್ಟು ಒಂದು ಹಲ್ಲು ಜಾರಿ ಕೂತಿತ್ತು. ಬಿಚ್ಚಿ, ಸರಿಯಾಗಿ ಏರಿಸಿದ ಮೇಲೆ ಇಂಜಿನ್ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಹಿಂದಿನ ತಪ್ಪಿನಲ್ಲೇ ಕೀಲಿ ತಿರುಗಿಸಿದ್ದರೆ ವಾಲ್ವುಗಳು ಬಾಗಿ ಎಲ್ಲ ಮುಗಿಯುತ್ತಿತ್ತು.

ಸ್ಟಾರ್ಟ್ ಆಯಿತು. ಆದರೆ ನಿಂತಲ್ಲೇ ಗಡಗಡ ಅಲುಗಾಡುತ್ತಿತ್ತು. ಅದು ಈ ಶಾಫ್ಟಿನ ಸ್ವಭಾವ, ಕೆಟ್ಟಿಲ್ಲ ಎಂದು ಹೆಂಡತಿ ಎಷ್ಟು ಹೇಳಿದರೂ ಅವ್ವೆ ಬಾನೆಟ್ ಮೇಲೆ ಕೈಯಿಟ್ಟು, “ಚಳಿಜ್ವರವೇ ಇದು” ಅಂದಳು.

ಬೇರೊಂದು ತೊಂದರೆ ಮರುದಿನವೇ ಗೊತ್ತಾಯಿತು. ಕಿತ್ತ ಟೀ ಎಲೆಯನ್ನು ತೂಕದ ಶೆಡ್ಡಿಗೆ ಒಯ್ಯಲು ಅದೇ ಕಾರು. ಹೊಸ ಶಾಫ್ಟುಗಳಿಗೆ ಬಲ ಬರುವುದು ಇಂಜಿನ್ ಜೋರಾಗಿ ತಿರುಗಿದಾಗ. ನಿಧಾನಕ್ಕೆ ಏರು ಹತ್ತುವಾಗ ಮೊದಲಿದ್ದ ಶಕ್ತಿಯೂ ಇಲ್ಲ. ಹಿಂದೆ ಎಲೆಮೂಟೆ, ಮುಂದೆ ಅವ್ವೆ, ಹಟ್ಟಿಯ ಮೇಲಿನ ತಿರುವಿನಲ್ಲಿ ಕಾರು ನಿಂತೇಹೋಯಿತು. ಅವ್ವೆ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಮೂಟೆಗಳ ನಡುವೆ ಕೂತಿದ್ದ ನಾನೂ ಇಳಿದೆ. ಹೆಂಡತಿ ಸ್ಟೀರಿಂಗ್ ಮೇಲೆ ತಲೆಯಿಟ್ಟಳು.

“ಮುಂದಿನ ಭಾನುವಾರ ಹಳೇದನ್ನೇ ಹಾಕಿಬಿಡ್ತೀನಿ ಮಾಮಿ. ಮಲೆಯಲ್ಲಿ ಇದು ಆಗೋದಲ್ಲ.”

“ಏಕ? ನೀ ಅಂದುಕೊಂಡ ಜಾಗಕ್ಕೆ ಇನ್ನೂ ಹೋಗಲೇ ಇಲ್ಲವಲ್ಲ. ಎಲೆಗ ಪಕ್ಕದ ಮನೆ ಜೀಪು ಇದೆ. ಮೊದಲು ಹೋಗು.” ಸ್ವಲ್ಪ ತಡೆದು, “ನಾನೂ ಬರ್ತೀನಿ” ಅಂದಳು.

ಹಾಗೆ ಮೂವರೂ ಮೇಟ್ಟುಪಾಳ್ಯದ ಘಾಟಿ ಇಳಿದೆವು. ಕೆಳಗಿನ ಸೆಖೆಗೆ ಅವ್ವೆ ಕಿಟಕಿಯಿಂದ ಮುಖ ಒಳಗೆ ಎಳೆದುಕೊಳ್ಳಲೇ ಇಲ್ಲ. ಟ್ರ್ಯಾಕಿನಲ್ಲಿ ಹೆಂಡತಿಯ ಸರದಿ ಬಂದಾಗ ನಾವಿಬ್ಬರೂ ತಂತಿಬೇಲಿಯ ಈಚೆ ನಿಂತಿದ್ದೆವು. ಮೊದಲ ತಿರುವಿನವರೆಗೂ ಕಾರು ಗೊಣಗಿಕೊಂಡೇ ಹೋಯಿತು. ಆಮೇಲೆ ನೇರ ರಸ್ತೆ ಸಿಕ್ಕಿ ಅವಳು ತುಳಿದಳು. ಆ ಅಲುಗಾಟವೆಲ್ಲ ಹೋಗಿ ಒಂದೇ ಸ್ವರ ಎದ್ದು, ಏರುತ್ತಲೇ ಹೋಯಿತು. ಅವಳು ಕೆಳಗಿಳಿದಾಗ ಮುಖವೆಲ್ಲ ಬೆವರು, ಸುಮ್ಮನೆ ನಗುತ್ತಿದ್ದಳು. ಅಲ್ಲಿದ್ದ ಬಹುತೇಕ ಕಾರುಗಳು ಅವಳಿಗಿಂತ ವೇಗವಾಗಿ ಓಡಿದ್ದವು. ಅದನ್ನು ಅವಳು ಕೇಳಲೂ ಇಲ್ಲ.

ಕೊನೆಯ ಸುತ್ತುಗಳಲ್ಲಿ ಜೊತೆಗೊಬ್ಬರನ್ನು ಕೂರಿಸಿಕೊಳ್ಳಬಹುದು ಎಂದರು. ನಾನು ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಅವ್ವೆ ಬಾಗಿಲು ತೆಗೆದಿದ್ದಳು. ಹೆಲ್ಮೆಟ್ ಕೊಟ್ಟರು; ನಮ್ಮ ಹಟ್ಟಿಯ ಹಿರಿಯ ಹೆಂಗಸರಂತೆ ಅವ್ವೆ ತಲೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಅದು ಇಳಿಯಲಿಲ್ಲ. ಹೊರಗಿನವರ ಮುಂದೆ ಅವ್ವೆ ಆ ಬಟ್ಟೆ ತೆಗೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತೆಗೆದಳು. ಮಡಿಸಿ ನನ್ನ ಕೈಗೆ ಕೊಟ್ಟು, ನರೆತ ಕೂದಲನ್ನು ಹಿಂದಕ್ಕೆ ಒತ್ತಿಕೊಂಡು ಹೆಲ್ಮೆಟ್ಟಿಗೆ ತಲೆ ಕೊಟ್ಟಳು. ಬೆಚ್ಚಗಿದ್ದ ಬಟ್ಟೆ ಹಿಡಿದುಕೊಂಡು ನಾನು ಬೇಲಿಯ ಪಕ್ಕ ನಿಂತೆ.

ವಾಪಸು ಬಂದು ಅವ್ವೆ ಕಾರಿಳಿದಳು. ಸೊಸೆಯ ಭುಜ ಹಿಡಿದುಕೊಂಡೇ ನಿಂತಳು.

“ಹೆಂಗಿತ್ತು ಅವ್ವೆ?” ಅಂದೆ.

“ಇಷ್ಟು ವರ್ಷ ಬಸ್ಸಲ್ಲಿ ಕೂತು ವಾಂತಿ ಮಾಡಿದ್ದೇ ಬಂತು” ಅಂದಳು. “ಓಡೋದು ಅಂದ್ರೆ ಇದು.”

ವಾಪಸು ಘಾಟಿ ಹತ್ತುವಾಗ ಕಾರು ನಾನು ಓಡಿಸಿದೆ. ಹೆಂಡತಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಬಸ್ಸಿನ ಹಿಂದೆ ಎರಡನೇ ಗೇರಿನಲ್ಲಿ ತೆವಳುತ್ತಿದ್ದಾಗ ಅವ್ವೆ ನನ್ನ ಕಡೆ ಬಾಗಿ, “ಅವಳನ್ನ ಎಬ್ಬಿಸಬೇಡ. ಆದರೆ ಸ್ವಲ್ಪ ತುಳಿ” ಎಂದು ಪಿಸುಗುಟ್ಟಿದಳು.